ಯಾರ ಸ್ವಾಧೀನದಲ್ಲೂ ಇಲ್ಲದ ಮನೆ

ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊದಲು ಎದ್ದದ್ದು ನಾನಲ್ಲ, ಬೆಕ್ಕು. ಅದು ಬೂದಿಯಿಂದ ಎದ್ದು ಮೈಮುರಿದ ಮೇಲೆ ನಾನು ಒಲೆ ಕೆದಕಿದೆ. ಬೆಲ್ಲದ ಕಾಫಿಗೆ ನೀರಿಟ್ಟೆ. ಅಕ್ಕಿಹಿಟ್ಟಿನ ಒಟ್ಟಿ ತಟ್ಟಿ ಕಾವಲಿಗೆ ಹಾಕಿದೆ. ಎಂದಿನಂತೆ ಮೊದಲನೆಯದು ಸೀದಿತು. (ಮೊದಲನೆಯ ಒಟ್ಟಿ ಸೀಯದ ಮನೆ ಯಾವುದಾದರೂ ಇದ್ದರೆ ತಿಳಿಸಿ, ಬಂದು ಕಲಿಯುತ್ತೇನೆ.) ಅಂಗಳದಲ್ಲಿ ಮಂಜು ಎಷ್ಟಿತ್ತೆಂದರೆ ಕೋಳಿಗಳು ಗೂಡಿನ ಬಾಗಿಲಿಗೆ ಬಂದು, ಇಣುಕಿ, ಮತ್ತೆ ಒಳಗೆ ಹೋದವು.

ನಮ್ಮವರು ಕೊಡೆ ಹುಡುಕುತ್ತಿದ್ದರು. ಮಳೆಗಾಲ ಮುಗಿದು ಕಾಫಿ ಕುಯಿಲು ನಡೆಯುತ್ತಿದೆ, ಕೊಡೆ ಏಕೆ? "ಸರ್ಕಾರದವರು ಬರ್ತಾರಲ್ಲ, ಕೈಯಲ್ಲಿ ಏನಾದರೂ ಬೇಕು" ಎಂದರು. ಗಂಡಸರಿಗೆ ಧೈರ್ಯ ಎಲ್ಲೆಲ್ಲಿ ಇರುತ್ತದೋ!

ಅಕ್ಕಿಪಾತ್ರೆಯ ಹಿಂದಿನ ಮೊಳೆಯಿಂದ ಬೀಗದ ಕೈ ತೆಗೆದು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅದಕ್ಕೆ ಕಟ್ಟಿದ್ದ ಕೆಂಪು ದಾರದ ಮೇಲೆ ಜೇಡ ಒಂದು ಎಳೆ ನೂತಿತ್ತು. ಅತ್ತೆ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಯಾವ ಅತ್ತೆ ಎಂದು ಕೇಳುತ್ತೀರಿ. ಕುಂಬಳಕಾಯಿ ಉಪ್ಪಿನಕಾಯಿ ಬಗ್ಗೆ ಬರೆದಾಗ ಒಮ್ಮೆ ಹೇಳಿದ್ದೆ: ನಮ್ಮವರ ಸೋದರತ್ತೆ, ಮುತ್ತವ್ವ. ಮಕ್ಕಳಿಲ್ಲದ ವಿಧವೆ. ತನ್ನ ಒಡವೆ ಮಾರಿ, ನಮ್ಮ ಗದ್ದೆಬಯಲಿನ ಆಚೆ ಗುಡ್ಡದ ಮೇಲೆ ಒಂದು ಹೆಂಚಿನ ಮನೆ, ಸುತ್ತ ಒಂದಿಷ್ಟು ಕಾಫಿ ಮಾಡಿಕೊಂಡವರು. ಒಕ್ಕದ, ಅಂದರೆ ಇಡೀ ಮನೆತನದ, ಜಮ್ಮಾ ಭೂಮಿಯಲ್ಲ ಅದು, ಅವರ ಸ್ವಂತದ್ದು. ಕಳೆದ ಆಟಿ ತಿಂಗಳ ಮಳೆಯಲ್ಲಿ ತೀರಿಕೊಂಡರು. ಸಾವು ಸಾರುವ ಗುಂಡಿನ ಸದ್ದೂ ಆ ಮಳೆಯಲ್ಲಿ ಒದ್ದೆಯಾಗಿ ಕೇಳಿಸಿತ್ತು.

ಮನೆ ಯಾರಿಗೆ ಎಂಬುದನ್ನು ಅತ್ತೆ ಬರೆದಿಡಲಿಲ್ಲ. ಹೇಳಿದ್ದರು. ಆ ಗುಡ್ಡದ ಮನೆಯಲ್ಲೇ, ನಡುಮನೆಯ ತೂಗುದೀಪ ಮುಟ್ಟಿ ಬೋಪಯ್ಯಜ್ಜನಿಗೆ ಹೇಳಿದ್ದರು: "ನಾನು ಹೋದ ಮೇಲೆ ಇದು ಪೂವಿಗೆ."

ಬೋಪಯ್ಯಜ್ಜ ನಮ್ಮ ಮನೆಯ ಅರುವ. ಮದುವೆಯಿರಲಿ, ಜಗಳವಿರಲಿ, ಮನೆಯ ಪರವಾಗಿ ಮಾತಾಡುವ ಹೊರಮನೆಯ ಹಿರಿಯ. ಮದುವೆಯ ದಿನ ಹೆಣ್ಣಿನ ಹಕ್ಕನ್ನು ಬೆಣಚುಕಲ್ಲುಗಳಲ್ಲಿ ಎಣಿಸಿ ಸೆರಗಿಗೆ ಕಟ್ಟುವ ಜನ ನಾವು. ದೀಪದ ಮುಂದೆ ಅರುವನ ಕಿವಿಗೆ ಬಿದ್ದ ಮಾತಿಗಿಂತ ದೊಡ್ಡ ಪತ್ರ ಯಾವುದು?

ಇದು ನಮಗೆ ಗೊತ್ತು. ಸರ್ಕಾರಕ್ಕೆ ಗೊತ್ತಾಗಬೇಕಲ್ಲ!

ಪೂವಿ ಅಂದರೆ ಪೂವಮ್ಮ, ನನ್ನ ನಾದಿನಿ. ಗಂಡ ಜ್ವರದಲ್ಲಿ ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದವಳು. ಯಾರೂ ಅವಳಿಗೆ ಒಂದು ಮಾತು ಅಂದಿಲ್ಲ. ಆದರೆ ಅವಳ ಟ್ರಂಕು ಇವತ್ತಿಗೂ ಅಟ್ಟದ ಮೆಟ್ಟಿಲ ಕೆಳಗೇ ಇದೆ, ನಾಳೆ ಹೊರಡುವವರ ಟ್ರಂಕಿನ ಹಾಗೆ. ಅವಳ ಮಕ್ಕಳು ಎರಡನೆಯ ಒಟ್ಟಿಗೆ ಕೈಚಾಚುವ ಮೊದಲು ತಾಯಿಯ ಮುಖ ನೋಡುತ್ತವೆ. ಸ್ವಂತ ಸೂರು ಇಲ್ಲದಿರುವುದು ಏನೆಂದು ಆ ನೋಟ ಕಂಡವರಿಗೆ ಗೊತ್ತು. ಆ ಗುಡ್ಡದ ಮನೆ ಅವಳಿಗೆ ಸಿಗಬೇಕಿತ್ತು. ಇದಿಷ್ಟೇ ವಿಷಯ.

ಸಿಗುವ ದಾರಿ ಯಾವುದು? ಉಯಿಲು ಇದ್ದರೆ ಮಡಿಕೇರಿ ಕೋರ್ಟಿಗೆ ಹೋಗಿ ಅದನ್ನು ಖಾತ್ರಿ ಮಾಡಿಸುವ ಪ್ರೊಬೇಟ್. ಇಲ್ಲದಿದ್ದರೆ ಅದೇ ಕೋರ್ಟಿನಲ್ಲಿ ವಾರಸು ಸರ್ಟಿಫಿಕೇಟು. ಎರಡಕ್ಕೂ ವಕೀಲರು, ಸ್ಟ್ಯಾಂಪು, ವಾಯಿದೆಯ ಮೇಲೆ ವಾಯಿದೆ. ವಕೀಲರು ಕಾಫಿ ಕುಡಿದು ಮುಗಿಸುವ ಹೊತ್ತಿಗೆ ನಮ್ಮ ಕಾಫಿತೋಟ ಮುಗಿದಿರುತ್ತದೆ. ಆದರೆ ಸಣ್ಣ ಆಸ್ತಿಗೆ ಒಂದು ಒಳದಾರಿ ಉಂಟು. ನಮ್ಮ ನಾಡಿನ ಕಂದಾಯ ನೋಡಿಕೊಳ್ಳುವ ಪಾರುಪತ್ತೆಗಾರರು ಸ್ಥಳಕ್ಕೇ ಬಂದು, ಕೂಗಿ ಸಾರಿ, ವಿಚಾರಿಸಿ, "ತಕರಾರಿಲ್ಲ, ಮನೆ ಬೇರೆ ಯಾರ ಸ್ವಾಧೀನದಲ್ಲೂ ಇಲ್ಲ" ಎಂದು ಮಹಜರು ಬರೆದುಕೊಂಡರೆ ಸಾಕು. ಹೆಸರು ಬದಲಾಗುತ್ತದೆ. ಒಬ್ಬನೇ ಒಬ್ಬ ತಕರಾರು ಎಂದರೆ, ನಡಿ ಮಡಿಕೇರಿಗೆ!

ತಕರಾರು ಎನ್ನಲು ಒಬ್ಬರು ತಯಾರಿದ್ದರು. ಅತ್ತೆಯ ಮೈದುನ, ಉತ್ತಯ್ಯ ಮಾವ. "ನಮ್ಮ ಒಕ್ಕದ ಸೊಸೆ ಮಾಡಿದ ಮನೆ, ನಮಗೇ ಬರಬೇಕು" ಎಂದು ಹುದಿಕೇರಿ ಸಂತೆಯಲ್ಲಿ ಹೇಳಿಕೊಂಡು ತಿರುಗಿದ್ದರು. ಅತ್ತೆ ಇದ್ದಾಗ ಒಂದು ದಿನ ಆ ಗುಡ್ಡ ಹತ್ತದ ಕಾಲು, ಅವರು ಹೋದ ಮೇಲೆ ಎಷ್ಟು ಚುರುಕಾಯಿತು ನೋಡಿ.

ಇನ್ನೊಂದು ತಕರಾರು ಪೂವಮ್ಮನದೇ.

ಗುಡ್ಡ ಹತ್ತುವಾಗ ನನ್ನ ಕೈ ಹಿಡಿದು ನಿಂತಳು. "ಅತ್ತಿಗೆ, ಅತ್ತೆ ನನ್ನ ಮುಂದೆ ಹೇಳಲಿಲ್ಲ. ಆಮೇಲೆ ಮನಸ್ಸು ಬದಲಾಗಿದ್ದರೆ?"

"ಯಾಕೆ ಬದಲಾಗ್ತದೆ?"

"ಹುಂಜ."

ಹೌದು, ಹುಂಜ. ಅತ್ತೆಯ ಕೆಂಪು ಹುಂಜ ನಮ್ಮ ಅಂಗಳಕ್ಕೆ ಬಂದಿದ್ದಾಗ, ನಮ್ಮದೇ ಎಂದು ತಿಳಿದು ಪೂವಮ್ಮ ನೆಂಟರಿಗೆ ಸಾರು ಮಾಡಿ ಬಡಿಸಿದ್ದಳು. ನೆಂಟರ ಜೊತೆ ಅತ್ತೆಯೂ ಉಂಡಿದ್ದರು. ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡಿದ್ದರು. ಮರುದಿನ ವಿಷಯ ತಿಳಿದು ಮಾತು ಬಿಟ್ಟರು. ಬಿಟ್ಟ ಮಾತು ಮತ್ತೆ ಹಿಡಿಯುವ ಮೊದಲೇ ಮಳೆ ಬಂತು, ಜ್ವರ ಬಂತು.

"ಸಿಟ್ಟಿನಲ್ಲಿ ಹೋದವರ ಮನೆಯಲ್ಲಿ ನಾನು ಮಕ್ಕಳನ್ನು ಕಟ್ಟಿಕೊಂಡು ಹೇಗೆ ಮಲಗಲಿ?" ಎಂದಳು. "ಅವರಿಗೆ ಇಷ್ಟ ಇಲ್ಲ ಅಂತ ಗೊತ್ತಾದರೆ ಸರ್ಕಾರ ಕೊಟ್ಟರೂ ನನಗೆ ಬೇಡ."

ನಕ್ಕುಬಿಟ್ಟೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಯಾವಾಗಲೂ ಹೇಳುತ್ತಿದ್ದರು: ಪ್ರತಿಯೊಂದಕ್ಕೂ ಒಂದು ರೀಸನ್ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. ಆ ಮಾತು ನನ್ನನ್ನು ಎಷ್ಟೋ ಕತ್ತಲೆ ದಾಟಿಸಿದೆ. ಆ ಹೊತ್ತಿನವರೆಗೆ ದಾಟಿಸಿತ್ತು.

ಮಂಜು ಸರಿದು ಬಿಸಿಲು ಬಿದ್ದಾಗ ಎಲ್ಲರೂ ಅತ್ತೆಯ ಅಂಗಳದಲ್ಲಿ ಇದ್ದೆವು. ಪಾರುಪತ್ತೆಗಾರರಿಗೆ ಹಗ್ಗದ ಮಂಚ. ಪಕ್ಕದಲ್ಲಿ ಡವಾಲಿ ಹಾಕಿದ ಜವಾನ. ಬೋಪಯ್ಯಜ್ಜ ಕೋಲೂರಿಕೊಂಡು ಮೆಟ್ಟಿಲ ಮೇಲೆ. ಉತ್ತಯ್ಯ ಮಾವ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ಎಲ್ಲರಿಂದ ಸ್ವಲ್ಪ ದೂರ.

ಬಾಗಿಲು ತೆಗೆಯಲು ಹೋದರೆ ಬೀಗದ ಕೈ ತಿರುಗಲೇ ಇಲ್ಲ. ತುಕ್ಕು. ದೀಪಕ್ಕೆಂದು ತಂದಿದ್ದ ಎಣ್ಣೆಯ ಬಾಟಲಿಯಿಂದ ಎರಡು ತೊಟ್ಟು ಬಿಟ್ಟು, ನಮ್ಮವರು ಕೊಡೆಯ ಹಿಡಿಯಿಂದ ತಟ್ಟಿದ ಮೇಲೆ ಕಿರುಗುಟ್ಟಿ ತೆರೆಯಿತು. (ಕೊಡೆ ಕಡೆಗೂ ಕೆಲಸಕ್ಕೆ ಬಂತು.)

ಆಟಿಯ ಮಳೆಯಿಂದ ಮುಚ್ಚಿಯೇ ಇದ್ದ ಮನೆ. ನಮ್ಮ ಕಡೆ ಹಾಗೆ ಮುಚ್ಚಿದ ಮನೆ ಹೇಗಿರುತ್ತದೆಂದು ನಿಮಗೆ ಹೇಳಬೇಕೆ? ಹಲಗೆಗೆ ಬೂಷ್ಟು, ಮೂಲೆಯಲ್ಲಿ ಬಾವಲಿ ಹಿಕ್ಕೆ, ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿಯುವ ಹಳಸಲು. ನಾನು ಸೆರಗನ್ನು ಮೂಗಿಗೆ ಹಿಡಿದುಕೊಂಡೇ ನಿಂತಿದ್ದೆ.

ಯಾವ ವಾಸನೆಯೂ ಬರಲಿಲ್ಲ. ಅಲ್ಲ, ಒಂದು ಬಂತು. ಈಗಷ್ಟೆ ಆರಿದ ಬತ್ತಿಯ ವಾಸನೆ.

ನಮ್ಮ ಊರಿನಲ್ಲಿ ಇದಕ್ಕೂ ಒಂದು ರೀಸನ್ ಉಂಟು. ಆ ಮನೆಯ ಹಿಂಬಾಗಿಲ ಅಗುಳಿಯನ್ನು ಸಂದಿಯಿಂದ ಕಡ್ಡಿ ತೂರಿಸಿ ಎತ್ತಬಹುದು, ಅದು ಎಲ್ಲರಿಗೂ ಗೊತ್ತು. ಪಕ್ಕದ ದಿಬ್ಬದ ದೇಚಕ್ಕ ಅತ್ತೆಯ ಜೀವದ ಗೆಳತಿ. ಅವಳೇ ಬಂದು ಗುಡಿಸಿ, ದೀಪ ಹಚ್ಚಿ ಹೋಗುತ್ತಿರಬೇಕು. ಎಂಥಾ ಒಳ್ಳೆಯ ಜೀವ! ಒಂದು ಮಾತು ಹೇಳಲೂ ಇಲ್ಲವಲ್ಲ ಎಂದುಕೊಂಡೆ.

ಜವಾನ ಬಾಗಿಲ ಬಳಿ ನಿಂತು, ಕಿವಿಗೆ ಕೈಯಿಟ್ಟು ಕೂಗಿದ: "ಮೃತ ಮುತ್ತವ್ವನ ಈ ಮನೆ, ತೋಟ, ಪೂವಮ್ಮನ ಹೆಸರಿಗೆ ಆಗುವುದರಲ್ಲಿ ಯಾರಿಗಾದರೂ ತಕರಾರು ಇದ್ದರೆ ಬಂದು ಹೇಳಬಹುದು!"

(ಬದುಕಿರುವವರು ಮಾತ್ರ ಎಂದು ಅವನು ಹೇಳಲಿಲ್ಲ. ಗಮನಿಸಿದೆ.)

ಕೂಗು ಬಯಲಿಗೆ ಇಳಿದು, ಆಚೆ ಗುಡ್ಡ ಮುಟ್ಟಿ, ಹಿಂದಕ್ಕೆ ಬಂತು. ಮತ್ತೆ ಕೂಗಿದ. ಮರದಲ್ಲಿ ಕುಟ್ಟುತ್ತಿದ್ದ ಮರಕುಟಿಕ ನಿಲ್ಲಿಸಿತು. ಮೂರನೆಯ ಸಲ ಕೂಗಲು ಬಾಯಿ ತೆರೆದಾಗ ಉತ್ತಯ್ಯ ಮಾವ ಗಂಟಲು ಸರಿಮಾಡಿಕೊಂಡರು.

"ನನ್ನದೊಂದು ಮಾತು ಉಂಟು."

ಪೂವಮ್ಮನ ಉಗುರು ನನ್ನ ಮುಂಗೈಗೆ ಚುಚ್ಚಿತು. ಪಾರುಪತ್ತೆಗಾರರು ಲೇಖನಿ ಕೆಳಗಿಟ್ಟರು. "ಹೇಳಿ. ಆದರೆ ಹೇಳಿದಿರೋ, ನಾನು ಇಲ್ಲಿಂದ ಎದ್ದೆ. ಮುಂದಿನದು ಕೋರ್ಟು."

"ಹೇಳಲಿ ಹೇಳಲಿ" ಎಂದರು ಬೋಪಯ್ಯಜ್ಜ, ತಲೆಯೆತ್ತದೆ. "ಆದರೆ ಉತ್ತಯ್ಯ, ಮುತ್ತವ್ವ ತನ್ನ ಮಾತನ್ನು ದೀಪ ಮುಟ್ಟಿ ಹೇಳಿದಳು. ನೀನೂ ದೀಪ ಮುಟ್ಟಿ ಹೇಳು. ಅವಳ ಮಾತನ್ನು ಅಂಗಳದಲ್ಲಿ ನಿಂತು ಮುರೀತೀಯಾ?"

"ಅದಕ್ಕೇನು, ಹಿತ್ತಾಳೆ ದೀಪಕ್ಕೆ ನಾನು ಹೆದರೋನಲ್ಲ."

"ಹೆದರು ಅಂತ ನಾನೆಲ್ಲಿ ಹೇಳಿದೆ ಮಾರಾಯ? ಮುಟ್ಟು ಅಂದೆ."

ಪಾರುಪತ್ತೆಗಾರರು ನಮ್ಮವರ ಕಡೆ ಬಾಗಿ, "ದೀಪವನ್ನು ಸಾಕ್ಷಿ ಅಂತ ಬರೆಯೋಕೆ ಕಾನೂನಿಲ್ಲ, ಸ್ವಾಮಿ" ಎಂದು ಪಿಸುಗುಟ್ಟಿದರು. ಆದರೂ ಕುತೂಹಲದಿಂದ ಬಾಗಿಲ ಕಡೆಗೇ ನೋಡುತ್ತಿದ್ದರು.

ಉತ್ತಯ್ಯ ಮಾವ ಮೆಟ್ಟು ಬಿಟ್ಟು ಒಳಗೆ ಹೋದರು. ನಡುಮನೆ ಕತ್ತಲು. ಬಾಗಿಲ ಬೆಳಕಿನಲ್ಲಿ ನನಗೆ ಕಂಡದ್ದು ಅವರ ಬೆನ್ನು, ಮೇಲೆತ್ತಿದ ಬಲಗೈ, ಸರಪಳಿಯಲ್ಲಿ ತೂಗುವ ದೀಪದ ನೆರಳು. ಕೈ ದೀಪಕ್ಕೆ ತಾಗಿತು. ಸರಕ್ಕನೆ ಹಿಂದೆ ಬಂತು. ಅವರು ಹಾಗೇ ನಿಂತರು. ಹೊರಗೆ ನಾವೂ ನಿಂತೆವು.

ಏನು ಮಾಡುತ್ತಿದ್ದರು? ಮಾತು ಜೋಡಿಸುತ್ತಿದ್ದರೆ? ಮಾತು ಜೋಡಿಸುವವರು ಮನೆಯ ಮೂಲೆಗಳನ್ನು ಒಂದೊಂದಾಗಿ ಏಕೆ ನೋಡುತ್ತಾರೆ?

ಹೊರಗೆ ಬಂದಾಗ ಮುಖ ಒದ್ದೆ ಸುಣ್ಣದ ಹಾಗಿತ್ತು. "ನನ್ನದು ಏನೂ ಇಲ್ಲ. ಬರ್ಕೊಳ್ಳಿ."

"ಏನೂ ಇಲ್ಲವಾ? ಈಗ ಉಂಟು ಅಂದಿರಿ?" ಪಾರುಪತ್ತೆಗಾರರು.

"ಇಲ್ಲ ಅಂದೆನಲ್ಲ!"

ನಾನು ಅವರ ಕೈ ನೋಡುತ್ತಿದ್ದೆ. ಬಲ ಅಂಗೈಯನ್ನು ಕುಪ್ಯಕ್ಕೆ ಒರೆಸಿಕೊಳ್ಳುತ್ತಲೇ ಇದ್ದರು. ಏನೂ ಅಂಟಿರಲಿಲ್ಲ. ಆದರೂ ಒರೆಸುತ್ತಲೇ ಇದ್ದರು.

ಮಹಜರು ಬರೆದಾಯಿತು. ಪಾರುಪತ್ತೆಗಾರರು ಗಟ್ಟಿಯಾಗಿ ಓದಿದರು: "ಸದರಿ ಮನೆಯು ಮೃತಳ ಕಾಲಾನಂತರ ಬೀಗ ಹಾಕಲ್ಪಟ್ಟು, ಈವರೆಗೆ ಯಾರ ಸ್ವಾಧೀನದಲ್ಲೂ ಇರುವುದಿಲ್ಲ." ಬೀಗದ ಕೈ ಇಟ್ಟುಕೊಂಡವಳು ನಾನಾದ್ದರಿಂದ ನನ್ನ ಸೈನೂ ಬೇಕೆಂದರು. ಕಾನ್ವೆಂಟಿನ ದುಂಡಕ್ಷರದಲ್ಲಿ ಬರೆದೆ. ಇಷ್ಟು ಚಂದದ ಸೈನು ಈ ನಾಡಿನಲ್ಲೇ ಕಂಡಿಲ್ಲ ಎಂದರು. ಹಿಗ್ಗಿದೆ. ಓದಿದ್ದರ ಮೇಲೆ ಗಮನ ಹೋಗಲಿಲ್ಲ.

ಸರ್ಕಾರದ ಕೆಲಸ ಮುಗಿಯಿತು. ನಮ್ಮದು ಮುಗಿದಿರಲಿಲ್ಲ. "ದೀಪ ಹಚ್ಚು ಮಗಾ" ಎಂದರು ಬೋಪಯ್ಯಜ್ಜ. "ಕೊಟ್ಟದ್ದನ್ನು ಪೂವಿ ದೀಪದ ಮುಂದೆ ತಗೊಳ್ಳಲಿ."

ಒಳಗೆ ಹೋದೆ. ನೆಲ ತಣ್ಣಗಿತ್ತು, ಆದರೆ ಅಂಗಾಲಿಗೆ ಧೂಳು ಹತ್ತಲಿಲ್ಲ. ಬಾಟಲಿಯ ಬಿರಡೆ ತೆಗೆದು ದೀಪದ ಬಟ್ಟಲಿಗೆ ಎಣ್ಣೆ ಬಗ್ಗಿಸಿದೆ. ಕೂಡಲೇ ಉಕ್ಕಿ ನನ್ನ ಕೈಮೇಲೆ, ಸೀರೆಯ ಮೇಲೆ, ನೆಲದ ಮೇಲೆ ಸುರಿಯಿತು. ಬಟ್ಟಲು ಅಂಚಿನವರೆಗೆ ತುಂಬಿಯೇ ಇತ್ತು!

ಒರೆಸಲೆಂದು ದೀಪದ ಬುಡಕ್ಕೆ ಕೈಕೊಟ್ಟೆ. ಹಿತ್ತಾಳೆ ಬೆಚ್ಚಗಿತ್ತು. ಬಿಸಿಯಲ್ಲ, ಬೆಚ್ಚಗೆ. ಈಗಷ್ಟೆ ಯಾರೋ ಎದ್ದು ಹೋದ ಹಾಸಿಗೆಯ ಹಾಗೆ.

ಉತ್ತಯ್ಯ ಮಾವ ಏನು ಒರೆಸಿಕೊಳ್ಳುತ್ತಿದ್ದರೆಂದು ಆಗ ತಿಳಿಯಿತು.

ದೇಚಕ್ಕ, ಎಂದುಕೊಂಡೆ. ನಾವು ಬರುವ ಸ್ವಲ್ಪ ಮೊದಲು ಬಂದು ಆರತಿ ಮಾಡಿ ಹೋಗಿರುತ್ತಾಳೆ. ಇನ್ನೇನು? ಕಡ್ಡಿ ಗೀರಿದೆ. ತೆರೆದ ಬಾಗಿಲಿನ ಗಾಳಿಗೂ ಜ್ವಾಲೆ ನಡುಗಲಿಲ್ಲ.

ಪೂವಮ್ಮ ಬಂದು ನಿಂತಳು. ಏನು ಹೇಳಬೇಕೆಂದು ಅಜ್ಜ ಹೇಳಿಕೊಟ್ಟದ್ದನ್ನೆಲ್ಲ ಮರೆತಳು. ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡು, ಚಿಕ್ಕ ದನಿಯಲ್ಲಿ ಕೇಳಿದಳು: "ಅತ್ತೇ, ಹುಂಜದ ವಿಷಯ ಬಿಟ್ಟುಬಿಡ್ತೀರಾ? ಗೊತ್ತಿಲ್ಲದೆ ಆಯ್ತು. ಮಕ್ಕಳಿಗೆ ಜಾಗ ಬೇಕು. ಬೇಡ ಅಂದರೆ ಈಗಲೇ ಬೇಡ ಅನ್ನಿ, ಬೀಗ ಹಾಕಿ ಹೋಗ್ತೇನೆ."

ಯಾರೂ ನಗಲಿಲ್ಲ. ಬೋಪಯ್ಯಜ್ಜ ಕೂಡ. ಕಾಯುವುದು ಅಂದರೆ ಏನೆಂದು ಆಗ ಗೊತ್ತಾಯಿತು ನನಗೆ. ಹೆಂಚಿನ ಮೇಲೆ ಒಂದು ಎಲೆ ಬಿದ್ದದ್ದೂ ಕೇಳಿಸಿತು. ಬೇಡ ಎಂಬ ಯಾವ ಸೂಚನೆಯೂ ಬರಲಿಲ್ಲ. ಬೇಕು ಎಂಬುದೂ ಬರಲಿಲ್ಲ.

"ಉತ್ತರ ಬರಲಿಲ್ಲವಲ್ಲ ಅತ್ತಿಗೆ" ಎಂದಳು ಹೊರಗೆ ಬಂದು.

"ಅತ್ತೆ ಇದ್ದಾಗಲೇ ನಿನಗೆ ಉತ್ತರ ಕೊಡ್ತಿರಲಿಲ್ಲ. ಈಗ ಕೊಡ್ತಾರಾ?" ಎಂದರು ನಮ್ಮವರು. ತಮಾಷೆ ಅಂದುಕೊಂಡು ಹೇಳಿದರು. ಅವಳ ಕಣ್ಣು ತುಂಬಿತು. ನಾನು ಅವರನ್ನು ಒಂದು ನೋಟ ನೋಡಿದೆ. ಕೊಡೆ ತಿರುಗಿಸುತ್ತ ಮುಂದೆ ಹೋದರು.

ಒಳ್ಳೆಯ ದಿನ ನೋಡಿ ಒಕ್ಕಲು ಬರುವುದು, ಅಲ್ಲಿಯವರೆಗೆ ಬೀಗ ಎಂದು ತೀರ್ಮಾನವಾಯಿತು. ಖಾಲಿ ಮನೆಯಲ್ಲಿ ಬೆಂಕಿ ಬಿಟ್ಟು ಹೋಗುವಂತಿಲ್ಲ. ಪೂವಮ್ಮನೇ ಒಂದು ಸೇವಂತಿಗೆ ಹೂವಿನಿಂದ ದೀಪ ಶಾಂತ ಮಾಡಿದಳು. ಬೀಗದ ಕೈ ಅವಳ ಸೆರಗಿಗೆ ಕಟ್ಟಿದೆ. ಅದನ್ನು ಅವಳು ಕೆಂಡ ಹಿಡಿದ ಹಾಗೆ ಹಿಡಿದುಕೊಂಡಿದ್ದಳು.

ಮನೆಗೆ ಬಂದವಳೇ ಟ್ರಂಕಿನ ಮೇಲೆ ಕುಳಿತಳು. ಊಟಕ್ಕೆ ಕರೆದರೂ ಏಳಲಿಲ್ಲ. ಕಾಗದ ಅವಳ ಹೆಸರಿನಲ್ಲಿ ಆಗಿದೆ, ಮಡಿಕೇರಿ ತಪ್ಪಿದೆ, ಉತ್ತಯ್ಯ ಮಾವ ಬಾಯಿ ಮುಚ್ಚಿದ್ದಾರೆ. ಇಷ್ಟಾದರೂ ಅವಳಿಗೆ ಮನೆ ಸಿಕ್ಕಿರಲಿಲ್ಲ. ಆಸ್ತಿ ಎಂಬುದು ಕಾಗದದಲ್ಲಿ ಎಷ್ಟು ಇರುತ್ತದೆ, ಕೊಟ್ಟವರ ಮನಸ್ಸಿನಲ್ಲಿ ಎಷ್ಟು ಇರುತ್ತದೆ? ಕೋರ್ಟಿನ ದಾರಿಗೆ ಅಡ್ಡದಾರಿ ಉಂಟು. ಇದಕ್ಕೆ ಯಾವ ಅಡ್ಡದಾರಿ?

ಸಂಜೆ ಉಳಿದ ಎಣ್ಣೆಯ ಬಾಟಲಿ, ನಾಲ್ಕು ಕಡುಬು ಹಿಡಿದು ದೇಚಕ್ಕನ ಮನೆಗೆ ಹೋದೆ. ಥ್ಯಾಂಕ್ಸ್ ಹೇಳಬೇಕಲ್ಲ. ಅವಳ ಮನೆಯ ಜಗಲಿಯಿಂದ ಅತ್ತೆಯ ಮನೆ ನೇರ ಎದುರಿಗೆ ಕಾಣುತ್ತದೆ, ನಡುಮನೆಯ ಕಿಟಕಿ ಸಮೇತ. ನಮ್ಮ ಮನೆಯಿಂದ ಕಾಣುವುದಿಲ್ಲ, ಬಿದಿರುಮೆಳೆ ಅಡ್ಡ.

ದೇಚಕ್ಕ ಕಾಲು ನೀಡಿ ಕುಳಿತು, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆ ಬಿಡಿಸುತ್ತಿದ್ದಳು. ಬಾಟಲಿ ನೋಡಿ, "ಇದೆಂತಕ್ಕೆ?" ಎಂದಳು.

"ದೀಪಕ್ಕೆ ಇಷ್ಟು ದಿನ ನಿನ್ನ ಮನೆ ಎಣ್ಣೆಯೇ ಹಾಕಿದ್ದೀಯಲ್ಲ, ದೇಚಕ್ಕ."

"ಯಾವ ದೀಪಕ್ಕೆ?" ಎಂದು ಒಂದು ಹುಳುಕು ಅವರೆ ಆರಿಸಿ ಅಂಗಳಕ್ಕೆ ಎಸೆದಳು. "ನನ್ನ ಮೊಣಕಾಲು ನೋಡು, ಹೆಗ್ಗಣ ನುಂಗಿದ ಹಾವಿನ ಹಾಗೆ ಊದಿದೆ. ಮುತ್ತವ್ವನ ಹೆಣ ಎತ್ತಿದ ದಿನದಿಂದ ನಾನು ಈ ಮೆಟ್ಟಿಲು ಇಳಿದಿಲ್ಲ, ಗುಡ್ಡ ಹತ್ತುತ್ತೇನಾ? ಕಡುಬು ಕೊಡು, ಎಣ್ಣೆ ನೀನೇ ಇಟ್ಟುಕೋ. ಪುಣ್ಯದ ಕೆಲಸ ಮಾಡಿದ್ದು ನೀನು."

"ನಾನಾ?"

"ಅಲ್ಲದೆ? ಬೀಗದ ಕೈ ನಿನ್ನ ಹತ್ರ ತಾನೆ? ಆ ಕಿಟಕಿಯಲ್ಲಿ ಬೆಳಕು ಬಿದ್ದ ಮೇಲೇ ಅಲ್ವಾ ನಾನು ದಿನಾ ಕೋಳಿಗೂಡು ಮುಚ್ಚೋದು. ಅಂಥಾ ಮಳೆಯಲ್ಲೂ ಒಂದು ಸಂಜೆ ತಪ್ಪಿಸಲಿಲ್ಲ ನೀನು."

ನಾನು ಎದುರಿನ ಗುಡ್ಡ ನೋಡಿದೆ. ಮನೆ, ಕಾಫಿಗಿಡ, ಕಿಟಕಿ, ಎಲ್ಲ ಒಂದೇ ಕಪ್ಪಾಗಿ ಕಲೆತುಹೋಗಿದ್ದವು. ದೇಚಕ್ಕನೂ ಆ ಕಡೆಗೇ ನೋಡುತ್ತ ಕಡುಬು ಮುರಿದು ಬಾಯಿಗೆ ಹಾಕಿಕೊಂಡಳು.

"ಇವತ್ತೊಂದು ದಿನ ಯಾಕೆ ಹಚ್ಚದೆ ಬಂದೆ, ಮಾರಾಯ್ತಿ?"